ತರಗತಿಯೊಳಗೆ ಆನ್‌ಲೈನ್ ಪಾಠ: ವಿಡಿಯೊ ನಿಲ್ಲಿಸುವವರು ಯಾರು?

ಒಂದೇ ತರಗತಿಯಲ್ಲಿ ಇಬ್ಬರು ಪಾಠ ಮಾಡಿದರೆ ಏನಾಗುತ್ತದೆ? ಒಬ್ಬರು ಪರದೆಯ ಮೇಲೆ, ಇನ್ನೊಬ್ಬರು ಪರದೆಯ ಪಕ್ಕದಲ್ಲಿ. ಪರದೆಯ ಮೇಲಿನವರ ಹತ್ತಿರ ಒಳ್ಳೊಳ್ಳೆಯ ಚಿತ್ರ, ಅನಿಮೇಷನ್, ಚೊಕ್ಕ ಮಾತು ಎಲ್ಲ ಇದೆ. ಪಕ್ಕದಲ್ಲಿ ನಿಂತವರಿಗೆ ಮಕ್ಕಳ ಮುಖ ಕಾಣುತ್ತದೆ. ಶಾಲೆಯಲ್ಲಿ ಆನ್‌ಲೈನ್ ಪಾಠ ಬಳಸುವ ಬಗ್ಗೆ ಇರುವ ಗೊಂದಲದಲ್ಲಿ ಮುಕ್ಕಾಲು ಪಾಲು, ಈ ಇಬ್ಬರಲ್ಲಿ ಯಾರು ಯಾವ ಕೆಲಸ ಮಾಡಬೇಕು ಎಂದು ಮೊದಲೇ ತೀರ್ಮಾನಿಸದೆ ಇರುವುದರಿಂದ ಬಂದದ್ದು.

2020ರಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದಾಗ ಇಂಥ ಪ್ರಶ್ನೆ ಇರಲಿಲ್ಲ. ಯುನೆಸ್ಕೊ ಲೆಕ್ಕದಂತೆ ಆಗ 190ಕ್ಕೂ ಹೆಚ್ಚು ದೇಶಗಳಲ್ಲಿ ಸುಮಾರು 160 ಕೋಟಿ ವಿದ್ಯಾರ್ಥಿಗಳು ಮನೆಯಲ್ಲೇ ಉಳಿದಿದ್ದರು. ಆನ್‌ಲೈನ್ ಪಾಠ ಬಿಟ್ಟರೆ ಬಹಳ ಕಡೆ ಬೇರೆ ದಾರಿಯೇ ಇರಲಿಲ್ಲ. ಶಾಲೆ ತೆರೆದ ಮೇಲೆ ಮಕ್ಕಳ ಹಿಂದೆಯೇ ಆ ಪಾಠಗಳೂ ತರಗತಿಯೊಳಗೆ ಬಂದವು. ಆದರೆ ಮನೆಯಲ್ಲಿ ಒಂದು ಮಗು ಒಂದು ಪರದೆ ನೋಡುವುದೇ ಬೇರೆ, ತರಗತಿಯಲ್ಲಿ ನಲವತ್ತು ಮಕ್ಕಳು ಒಂದೇ ಪರದೆ ನೋಡುವುದೇ ಬೇರೆ. ಈ ವ್ಯತ್ಯಾಸವನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಹೊಸ ಉಪಕರಣ ಬಂದಾಗಲೆಲ್ಲ ಶಾಲೆಯೇ ಬದಲಾಗುತ್ತದೆ ಎನ್ನುವ ಮಾತು ಹಳೆಯದು. 1913ರಲ್ಲೇ ಥಾಮಸ್ ಎಡಿಸನ್, ಸಿನಿಮಾ ಬಂದದ್ದರಿಂದ ಶಾಲೆಗಳಲ್ಲಿ ಪುಸ್ತಕಕ್ಕೆ ಸದ್ಯದಲ್ಲೇ ಕೆಲಸವಿರುವುದಿಲ್ಲ, ಹತ್ತು ವರ್ಷದಲ್ಲಿ ಶಾಲಾ ವ್ಯವಸ್ಥೆ ಪೂರ್ತಿ ಬದಲಾಗುತ್ತದೆ ಎಂದಿದ್ದರು. ಆಮೇಲೆ ರೇಡಿಯೊ ಬಂತು, ಟಿವಿ ಬಂತು, ಕಂಪ್ಯೂಟರ್ ಬಂತು. ಪುಸ್ತಕ ಇನ್ನೂ ಇದೆ.

ಇದರಲ್ಲಿ ಟಿವಿಯ ಕಥೆಯನ್ನು ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಇವತ್ತಿನ ಪರಿಸ್ಥಿತಿಗೆ ಅದು ತುಂಬಾ ಹತ್ತಿರ. 1964ರಲ್ಲಿ ಪೆಸಿಫಿಕ್ ಸಾಗರದ ಅಮೆರಿಕನ್ ಸಮೋವಾ ದ್ವೀಪಗಳಲ್ಲಿ ಮುಖ್ಯ ಪಾಠವನ್ನೆಲ್ಲ ಸ್ಟುಡಿಯೊದಿಂದ ಟಿವಿಯಲ್ಲೇ ಕೊಡುವ ದೊಡ್ಡ ಯೋಜನೆ ಶುರುವಾಯಿತು. ತರಗತಿಯಲ್ಲಿದ್ದ ಸ್ಥಳೀಯ ಶಿಕ್ಷಕರ ಪಾಲಿಗೆ ಉಳಿದದ್ದು ಟಿವಿ ಪಾಠದ ಹಿಂದೆ ಹೋಗುವ ಕೆಲಸ. ಮೊದಲಲ್ಲಿ ಉತ್ಸಾಹವಿತ್ತು. ಬರಬರುತ್ತಾ ಮಕ್ಕಳೂ ಶಿಕ್ಷಕರೂ ಬೇಸತ್ತರು, ಅದರಲ್ಲೂ ಮೇಲಿನ ತರಗತಿಗಳಲ್ಲಿ ಅಸಮಾಧಾನ ಜಾಸ್ತಿ. 1970ರ ದಶಕದಲ್ಲಿ ಟಿವಿ ಪಾಠದ ಬಳಕೆ ಇಳಿಯುತ್ತಾ ಹೋಯಿತು.

1968ರಲ್ಲಿ ಮೆಕ್ಸಿಕೊದಲ್ಲೂ ಟಿವಿ ಪಾಠ ಶುರುವಾಯಿತು. ಹೆಸರು ಟೆಲೆಸೆಕುಂಡಾರಿಯ. ಪ್ರತಿ ವಿಷಯಕ್ಕೂ ಒಬ್ಬ ಶಿಕ್ಷಕರನ್ನು ಕಳಿಸಲಾಗದ ಹಳ್ಳಿಗಳಿಗೆಂದೇ ಮಾಡಿದ್ದು. ಅದು ಅರ್ಧ ಶತಮಾನ ದಾಟಿ ಇವತ್ತಿಗೂ ನಡೆಯುತ್ತಿದೆ. ಅಲ್ಲಿ ಟಿವಿ ಕಾರ್ಯಕ್ರಮ ಸುಮಾರು ಹದಿನೈದು ನಿಮಿಷ ಮಾತ್ರ. ಉಳಿದ ಹೊತ್ತು ಪುಸ್ತಕ, ಅಭ್ಯಾಸ, ಚರ್ಚೆ, ತರಗತಿಯಲ್ಲಿರುವ ಶಿಕ್ಷಕರ ಜೊತೆ. ಎರಡೂ ಕಡೆ ಟಿವಿ ಒಂದೇ. ಒಂದು ಕಡೆ ಅದು ಪೀರಿಯಡ್ಡನ್ನೇ ತನ್ನದು ಮಾಡಿಕೊಂಡಿತು, ಇನ್ನೊಂದು ಕಡೆ ಪೀರಿಯಡ್ಡಿನ ಒಂದು ತುಂಡಾಗಿ ಉಳಿಯಿತು. ಒಂದು ಸೋತು ಇನ್ನೊಂದು ಉಳಿದದ್ದಕ್ಕೆ ಬೇರೆ ಕಾರಣಗಳೂ ಇರಬಹುದು, ಆದರೆ ನನ್ನ ಮಟ್ಟಿಗೆ ಇದೇ ದೊಡ್ಡದು.

ರಿಚರ್ಡ್ ಕ್ಲಾರ್ಕ್ ಎಂಬ ಶಿಕ್ಷಣ ಸಂಶೋಧಕರು 1983ರಲ್ಲಿ ಒಂದು ಖಾರವಾದ ಮಾತು ಬರೆದರು. ದಿನಸಿ ಹೊತ್ತು ತರುವ ಲಾರಿಯಿಂದ ನಮ್ಮ ಪೌಷ್ಟಿಕತೆ ಹೇಗೆ ಬದಲಾಗುವುದಿಲ್ಲವೋ, ಪಾಠ ಹೊತ್ತು ತರುವ ಮಾಧ್ಯಮದಿಂದ ಕಲಿಕೆಯೂ ಹಾಗೇ ಬದಲಾಗುವುದಿಲ್ಲ ಎಂದು. ಈ ಮಾತನ್ನು ಒಪ್ಪದವರೂ ಬಹಳ ಮಂದಿ ಇದ್ದಾರೆ. ಆದರೂ ಆಮೇಲೆ ಬಂದ ದೊಡ್ಡ ಲೆಕ್ಕಾಚಾರಗಳು ಕ್ಲಾರ್ಕ್ ಕಡೆಗೇ ವಾಲಿದವು. ಶಾಲೆಗಳ ಕಂಪ್ಯೂಟರಿಗೆ ಧಾರಾಳವಾಗಿ ಖರ್ಚು ಮಾಡಿದ ದೇಶಗಳಲ್ಲಿ ಓದು, ಗಣಿತ, ವಿಜ್ಞಾನದ ಅಂಕಗಳಲ್ಲಿ ಹೇಳಿಕೊಳ್ಳುವಂಥ ಏರಿಕೆ ಕಾಣಲಿಲ್ಲ ಎಂದು ಹೆಚ್ಚಾಗಿ ಶ್ರೀಮಂತ ದೇಶಗಳ ಒಕ್ಕೂಟವಾದ ಒಇಸಿಡಿ 2015ರ ವರದಿಯಲ್ಲಿ ಹೇಳಿತು. ಪೆರು ದೇಶ ಮಕ್ಕಳಿಗೆ ಲಕ್ಷಗಟ್ಟಲೆ ಲ್ಯಾಪ್‌ಟಾಪ್ ಹಂಚಿತು. ನಂತರ ಹಳ್ಳಿಶಾಲೆಗಳಲ್ಲಿ ನಡೆದ ಅಧ್ಯಯನದಲ್ಲಿ ಗಣಿತ ಮತ್ತು ಭಾಷೆಯ ಪರೀಕ್ಷೆಗಳಲ್ಲಿ ಅದರ ಪರಿಣಾಮ ಏನೂ ಕಾಣಿಸಲಿಲ್ಲ.

ಹಾಗಾದರೆ ಇದೆಲ್ಲ ಸುಮ್ನೆ ದುಡ್ಡು ದಂಡ ಎನ್ನೋಣವೇ? ಹಾಗೂ ಹೇಳಲಾಗದು. ದೆಹಲಿಯಲ್ಲಿ ಶಾಲೆ ಮುಗಿದ ಮೇಲೆ ನಡೆಯುತ್ತಿದ್ದ ಮೈಂಡ್‌ಸ್ಪಾರ್ಕ್ ಎಂಬ ಕಲಿಕಾ ಸಾಫ್ಟ್‌ವೇರಿನ ಕೇಂದ್ರಗಳ ಮೇಲೆ ಒಂದು ಅಧ್ಯಯನ ನಡೆದು 2019ರಲ್ಲಿ ಪ್ರಕಟವಾಯಿತು. ಲಾಟರಿಯಲ್ಲಿ ಅವಕಾಶ ಸಿಕ್ಕ ಮಕ್ಕಳು, ಸಿಗದವರಿಗಿಂತ ನಾಲ್ಕೂವರೆ ತಿಂಗಳಲ್ಲೇ ಗಣಿತದಲ್ಲೂ ಹಿಂದಿಯಲ್ಲೂ ಚೆನ್ನಾಗಿ ಮುಂದೆ ಹೋಗಿದ್ದರು. ಅಲ್ಲಿ ಏನು ನಡೆಯುತ್ತಿತ್ತು ಎನ್ನುವುದನ್ನು ಗಮನಿಸಬೇಕು. ಸಾಫ್ಟ್‌ವೇರ್ ಮೊದಲು ಪ್ರತಿ ಮಗು ಯಾವ ಮಟ್ಟದಲ್ಲಿದೆ ಎಂದು ನೋಡುತ್ತಿತ್ತು. ಒಂದೇ ತರಗತಿಯ ಮಕ್ಕಳ ನಡುವೆ ಹಲವು ವರ್ಷಗಳ ಅಂತರವಿತ್ತು. ಬಹಳ ಮಕ್ಕಳು ತಮ್ಮ ತರಗತಿಯ ಪಠ್ಯಕ್ಕಿಂತ ಎಷ್ಟೋ ಹಿಂದಿದ್ದರು. ಪ್ರತಿಯೊಬ್ಬರಿಗೂ ಅವರಿದ್ದ ಮಟ್ಟದಿಂದಲೇ ಪಾಠ ಶುರು. ಕೇಂದ್ರದ ಅರ್ಧ ಹೊತ್ತು ಕಂಪ್ಯೂಟರ್ ಮುಂದೆ, ಇನ್ನರ್ಧ ಹೊತ್ತು ಚಿಕ್ಕ ಗುಂಪಿನಲ್ಲಿ ಸಹಾಯಕರೊಬ್ಬರ ಜೊತೆ.

ಒಂದು ಮಗು, ಒಂದು ಪರದೆ, ತನ್ನ ಮಟ್ಟ, ತನ್ನ ವೇಗ, ತಪ್ಪಾದರೆ ಅಲ್ಲೇ ಉತ್ತರ. ಆನ್‌ಲೈನ್ ಪಾಠದ ನಿಜವಾದ ಬಲ ಇಷ್ಟೇ. 2004ರಲ್ಲಿ ದೂರದ ಊರಿನಲ್ಲಿದ್ದ ತನ್ನ ಸಂಬಂಧಿ ಹುಡುಗಿಗೆ ಗಣಿತ ಹೇಳಿಕೊಡಲು ಶುರುಮಾಡಿದ ಅಮೆರಿಕದ ಸಲ್ಮಾನ್ ಖಾನ್ (ಸಿನಿಮಾ ನಟರಲ್ಲ), ಮುಂದೆ ಪಾಠಗಳನ್ನು ವಿಡಿಯೊ ಮಾಡಿ ಹಾಕತೊಡಗಿದರು. ಅದೇ ಬೆಳೆದು ಉಚಿತ ಆನ್‌ಲೈನ್ ಪಾಠಗಳ ಖಾನ್ ಅಕಾಡೆಮಿ ಆಯಿತು. ನೇರವಾಗಿ ಹೇಳಿಕೊಡುವುದಕ್ಕಿಂತ ವಿಡಿಯೊದಲ್ಲೇ ಕೇಳುವುದು ಮೇಲು ಎಂದು ನೆಂಟರ ಮಕ್ಕಳೇ ಹೇಳಿದರಂತೆ. ಕಾರಣ ಸರಳ. ಅರ್ಥವಾಗದಿದ್ದರೆ ನಾಚಿಕೆಯಿಲ್ಲದೆ ಹಿಂದಕ್ಕೆ ಓಡಿಸಬಹುದು, ಹತ್ತು ಸಲ ಬೇಕಾದರೂ ಕೇಳಬಹುದು, ಗೊತ್ತಿರುವುದನ್ನು ದಾಟಿಸಿ ಮುಂದೆ ಹೋಗಬಹುದು.

ಈಗ ಅದೇ ವಿಡಿಯೊವನ್ನು ಸ್ಮಾರ್ಟ್ ಬೋರ್ಡಿನ ಮೇಲೆ ಹಾಕಿ ನಲವತ್ತು ಮಕ್ಕಳನ್ನು ಕೂರಿಸಿ ನೋಡಿ. ಈ ಅನುಕೂಲಗಳಲ್ಲಿ ಒಂದಾದರೂ ಉಳಿಯುತ್ತದೆಯೇ? ಹಿಂದಕ್ಕೆ ಓಡಿಸಿ ಎಂದು ಮೂರನೇ ಬೆಂಚಿನ ಹುಡುಗಿ ಕೇಳುವುದಿಲ್ಲ. ಮೊದಲ ಬೆಂಚಿನವನಿಗೆ ಆಗಲೇ ಗೊತ್ತಿದ್ದದ್ದೇ, ಅವನು ಕಿಟಕಿ ನೋಡುತ್ತಿದ್ದಾನೆ. ವಿಡಿಯೊ ಎಲ್ಲರಿಗೂ ಒಂದೇ ವೇಗದಲ್ಲಿ ಓಡುತ್ತದೆ. ಯಾರ ಮುಖ ನೋಡಿಯೂ ನಿಧಾನ ಮಾಡುವುದಿಲ್ಲ. ಬೋರ್ಡಿನ ಮುಂದೆ ನಿಂತು ಪಾಠ ಮಾಡುವ ಟೀಚರಾದರೂ ಹುಬ್ಬು ಗಂಟಿಕ್ಕಿದ ಮಗುವನ್ನು ಕಂಡರೆ ಇನ್ನೊಂದು ಸಲ ಹೇಳುತ್ತಾರೆ. ಅಂದರೆ ಕೆಲವೊಮ್ಮೆ ನಾವು ದುಡ್ಡು ಕೊಟ್ಟು ಇದ್ದದ್ದನ್ನೂ ಕಳೆದುಕೊಳ್ಳುತ್ತಿದ್ದೇವೆ, ಅಲ್ವಾ?

ಎಲ್ಲರಿಗೂ ಒಂದೊಂದು ಸಾಧನ ಕೊಡುವುದು ಹೆಚ್ಚಿನ ಶಾಲೆಗಳಿಗೆ ಆಗದ ಮಾತು. ಒಂದೇ ಪರದೆ ಇದ್ದರೂ ಕೆಲಸ ನಡೆಸಬಹುದು. ಹೇಗೆ ಎನ್ನುವುದಕ್ಕೆ ಒಂದು ಪಾಠ ತೆಗೆದುಕೊಳ್ಳೋಣ.

ಭಿನ್ನರಾಶಿಗಳ ಸಂಕಲನ. ಲೆಕ್ಕ: 1/2 + 1/3. ವಿಡಿಯೊದಲ್ಲಿ ಒಂದು ಆಯತವನ್ನು ಎರಡು ಭಾಗ ಮಾಡಿ ಒಂದಕ್ಕೆ ಬಣ್ಣ ಹಚ್ಚುತ್ತಾರೆ, ಇನ್ನೊಂದು ಆಯತವನ್ನು ಮೂರು ಭಾಗ ಮಾಡಿ ಒಂದಕ್ಕೆ ಬಣ್ಣ ಹಚ್ಚುತ್ತಾರೆ. ಆಮೇಲೆ ಎರಡನ್ನೂ ಆರಾರು ತುಂಡು ಮಾಡಿ ಮೂರು ತುಂಡು, ಎರಡು ತುಂಡು, ಒಟ್ಟು 5/6 ಎಂದು ತೋರಿಸುತ್ತಾರೆ. ಮೂರು ನಿಮಿಷ. ಬಹಳ ಚೆಂದ. ಪೂರ್ತಿ ಓಡಿಸಿ "ಅರ್ಥ ಆಯ್ತಾ?" ಎಂದರೆ ಇಡೀ ತರಗತಿ "ಆಯ್ತು" ಎನ್ನುತ್ತದೆ.

ಅದೇ ವಿಡಿಯೊವನ್ನು ಲೆಕ್ಕ ಪರದೆಯ ಮೇಲೆ ಬಂದ ಕೂಡಲೇ ನಿಲ್ಲಿಸಿ. ಆಯತ ಇನ್ನೂ ಬಂದಿಲ್ಲ, ಉತ್ತರವೂ ಬಂದಿಲ್ಲ. "ಉತ್ತರ ಎಷ್ಟಿರಬಹುದು, ನೋಟ್‌ಬುಕ್ಕಿನಲ್ಲಿ ಬರೆಯಿರಿ, ಪಕ್ಕದವರದ್ದು ನೋಡಬೇಡಿ" ಎಂದು ಹೇಳಿ ಬೆಂಚುಗಳ ನಡುವೆ ಒಂದು ಸುತ್ತು ಬನ್ನಿ. ಹಲವು ಪುಸ್ತಕಗಳಲ್ಲಿ 2/5 ಕಾಣಿಸುತ್ತದೆ. ಮೇಲಿನದಕ್ಕೆ ಮೇಲಿನದು ಕೂಡಿಸಿ, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದ್ದಾರೆ. ಇದು ಮಕ್ಕಳಲ್ಲಿ ಎಲ್ಲೆಡೆ ಕಾಣುವ ತಪ್ಪು. ಯಾರ ಹೆಸರನ್ನೂ ಹೇಳದೆ 2/5 ಮತ್ತು 5/6 ಎರಡನ್ನೂ ಬೋರ್ಡಿನ ಮೇಲೆ ಬರೆದು ಒಂದು ಪ್ರಶ್ನೆ ಕೇಳಿ: 2/5 ಅರ್ಧಕ್ಕಿಂತ ಜಾಸ್ತಿಯೋ ಕಡಿಮೆಯೋ? ಕಡಿಮೆ. ಹಾಗಾದರೆ ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಆಗೋದು ಹೇಗೆ? ತರಗತಿಯಲ್ಲಿ ಗುಸುಗುಸು ಶುರುವಾಗುತ್ತದೆ. ವಿಡಿಯೊ ಮುಂದಕ್ಕೆ ಓಡಿಸಲು ಇದೇ ಸರಿಯಾದ ಹೊತ್ತು. ಆಯತ ಆರು ತುಂಡಾಗುವುದನ್ನು ಮಕ್ಕಳು ಈಗ ಉತ್ತರ ಹುಡುಕುವ ಕಣ್ಣಿನಿಂದ ನೋಡುತ್ತಾರೆ.

ಮೊದಲಿನದರಲ್ಲಿ ಮೂರು ನಿಮಿಷ ಹೋಯಿತು, ಎರಡನೆಯದರಲ್ಲಿ ಹದಿನೈದು ನಿಮಿಷ. ಪಠ್ಯ ಮುಗಿಸುವ ಅವಸರದಲ್ಲಿರುವವರಿಗೆ ಇದು ದುಬಾರಿ ಎನಿಸಬಹುದು. ಆದರೆ 2/5 ಬರೆದ ಮಗು ಮೊದಲ ರೀತಿಯಲ್ಲಿ ವಿಡಿಯೊ ನೋಡಿದ್ದರೆ ಅದರ ತಪ್ಪು ಹಾಗೆಯೇ ಉಳಿದಿರುತ್ತಿತ್ತು. ಟೀಚರಿಗೂ ಅದು ಗೊತ್ತಾಗುತ್ತಿರಲಿಲ್ಲ.

ಇದು ಬರೀ ಊಹೆಯಲ್ಲ. ಡೆರೆಕ್ ಮುಲ್ಲರ್ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ವಿಡಿಯೊಗಳ ಬಗ್ಗೆ ಪಿಎಚ್‌ಡಿ ಮಾಡಿದವರು, ಈಗ ವೆರಿಟಾಸಿಯಂ ಎಂಬ ಯೂಟ್ಯೂಬ್ ಚಾನೆಲ್‌ನಿಂದ ಹೆಸರಾದವರು. ಅವರು ಎರಡು ಬಗೆಯ ವಿಡಿಯೊ ತೋರಿಸಿ ನೋಡಿದರು. ಒಂದರಲ್ಲಿ ಸರಿಯಾದ ವಿವರಣೆ ಮಾತ್ರ, ನೇರವಾಗಿ, ಸ್ಪಷ್ಟವಾಗಿ. ಇನ್ನೊಂದರಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಹೇಳುವ ತಪ್ಪು ವಿಚಾರವನ್ನೇ ಮೊದಲು ಮಾತಿಗೆ ತಂದು ಆಮೇಲೆ ಸರಿಪಡಿಸುವುದು. ಸ್ಪಷ್ಟವಾದ ವಿಡಿಯೊ ನೋಡಿದವರು ಚೆನ್ನಾಗಿತ್ತು, ಸುಲಭವಾಗಿ ಅರ್ಥವಾಯಿತು ಎಂದರು. ಪರೀಕ್ಷೆಯಲ್ಲಿ ಹೆಚ್ಚೇನೂ ಸುಧಾರಣೆ ಇರಲಿಲ್ಲ. ಎರಡನೆಯದನ್ನು ನೋಡಿದವರು ಗೊಂದಲವಾಯಿತು ಎಂದರು, ಆದರೆ ಕಲಿತದ್ದು ಅವರೇ ಹೆಚ್ಚು. ತಲೆಯಲ್ಲಿ ಮೊದಲೇ ಒಂದು ತಪ್ಪು ವಿಚಾರ ಕೂತಿದ್ದರೆ, ಸ್ಪಷ್ಟ ವಿವರಣೆ ಕೇಳಿದಾಗ "ಇದು ನನಗೆ ಗೊತ್ತಿದ್ದದ್ದೇ" ಎನಿಸಿಬಿಡುತ್ತದೆ. ಗಮನ ಅಲ್ಲಿಗೇ ಸಡಿಲವಾಗುತ್ತದೆ. ಆನ್‌ಲೈನ್ ಪಾಠ ಮಾಡುವ ಕಂಪನಿಗಳೆಲ್ಲ ಸ್ಪಷ್ಟತೆಗೇ ಪೈಪೋಟಿ ನಡೆಸುತ್ತಿರುವಾಗ ಇದು ನೆನಪಿಡಬೇಕಾದ ವಿಷಯ.

ಎಷ್ಟು ಹೊತ್ತು ಓಡಿಸಬೇಕು? ಎಡ್‌ಎಕ್ಸ್ ಎಂಬ ಆನ್‌ಲೈನ್ ತಾಣದ ಕೋರ್ಸುಗಳಲ್ಲಿ ಜನ ವಿಡಿಯೊ ನೋಡಿದ ಸುಮಾರು 69 ಲಕ್ಷ ದಾಖಲೆಗಳನ್ನು 2014ರಲ್ಲಿ ಪರಿಶೀಲಿಸಿದಾಗ, ಆರು ನಿಮಿಷದ ಆಚೆ ಹೆಚ್ಚಿನವರು ನಿಲ್ಲುವುದಿಲ್ಲ ಎಂದು ಕಂಡಿತು. ಅವರೆಲ್ಲ ತಾವಾಗಿಯೇ ಸೇರಿಕೊಂಡವರು, ಹೆಚ್ಚಿನವರು ದೊಡ್ಡವರು. ಶಾಲೆಯ ಮಕ್ಕಳಿಂದ ಅದಕ್ಕಿಂತ ಜಾಸ್ತಿ ನಿರೀಕ್ಷಿಸುವುದು ನ್ಯಾಯವಲ್ಲ. ಆದರೆ ಹೊತ್ತಿಗಿಂತ ಮುಖ್ಯ, ನಡುವೆ ಏನು ಮಾಡುತ್ತೇವೆ ಎನ್ನುವುದು. ಹಾರ್ವರ್ಡಿನ ಸಂಶೋಧಕರು 2013ರಲ್ಲಿ ಸಂಖ್ಯಾಶಾಸ್ತ್ರದ ಒಂದು ವಿಡಿಯೊ ಉಪನ್ಯಾಸವನ್ನು ನಾಲ್ಕು ತುಂಡು ಮಾಡಿ ತೋರಿಸಿದರು. ಪ್ರತಿ ತುಂಡಿನ ನಂತರ ಸಣ್ಣ ಪರೀಕ್ಷೆ ಬರೆದವರ ಮನಸ್ಸು ಅತ್ತಿತ್ತ ಅಲೆಯುವುದು ಕಡಿಮೆಯಾಯಿತು, ನೋಟ್ಸ್ ಬರೆದುಕೊಳ್ಳುವುದು ಹೆಚ್ಚಿತು, ಕೊನೆಯ ಪರೀಕ್ಷೆಯಲ್ಲೂ ಅವರೇ ಮುಂದಿದ್ದರು. ಸಣ್ಣ ಪರೀಕ್ಷೆ ಎಂದರೆ ಅಂಕ ಕೊಡುವ ಪರೀಕ್ಷೆಯಲ್ಲ. ನೆನಪಿನಿಂದ ಎರಡು ಸಾಲು ಬರೆಸಿದರೂ ಆಯಿತು.

ವಿಡಿಯೊವನ್ನು ಮನೆಯಲ್ಲಿ ನೋಡಿಸಿ, ಲೆಕ್ಕ ಮಾಡುವುದನ್ನು ತರಗತಿಯಲ್ಲಿ ಇಟ್ಟುಕೊಳ್ಳುವ ಪದ್ಧತಿಯೂ ಇದೆ. ಫ್ಲಿಪ್ಡ್ ಕ್ಲಾಸ್‌ರೂಮ್ ಎನ್ನುತ್ತಾರೆ. ಅಮೆರಿಕದ ಕೊಲರಾಡೊದಲ್ಲಿ ಜೊನಾಥನ್ ಬರ್ಗ್‌ಮನ್ ಮತ್ತು ಆರನ್ ಸ್ಯಾಮ್ಸ್ ಎಂಬ ಇಬ್ಬರು ರಸಾಯನಶಾಸ್ತ್ರ ಶಿಕ್ಷಕರು 2007ರ ಸುಮಾರಿಗೆ, ಕ್ಲಾಸ್ ತಪ್ಪಿಸಿಕೊಂಡ ಮಕ್ಕಳಿಗೆಂದು ಪಾಠ ರೆಕಾರ್ಡ್ ಮಾಡಲು ಹೋಗಿ ಇದನ್ನು ಬೆಳೆಸಿದರು. ಯೋಚನೆ ಒಳ್ಳೆಯದು. ಮಗು ಎಡವುವುದು ಲೆಕ್ಕ ಮಾಡುವಾಗ, ಹಾಗಾಗಿ ಟೀಚರ್ ಪಕ್ಕದಲ್ಲಿರಬೇಕಾದದ್ದೂ ಆಗಲೇ. ತೊಂದರೆ ಏನೆಂದರೆ, ಮನೆಯಲ್ಲಿ ಫೋನ್ ಇಲ್ಲದ, ನೆಟ್ ಇಲ್ಲದ, ಕೂತು ನೋಡಲು ಜಾಗವೇ ಇಲ್ಲದ ಮಕ್ಕಳು ಮರುದಿನ ಬಂದು ಸುಮ್ಮನೆ ಕೂರಬೇಕಾಗುತ್ತದೆ. ಹಿಂದೆ ಉಳಿದವರು ಇನ್ನಷ್ಟು ಹಿಂದೆ. ಅದರ ಬದಲು ಶಾಲೆಯೊಳಗೇ ತರಗತಿಯನ್ನು ಎರಡು ಭಾಗ ಮಾಡಬಹುದು. ಅರ್ಧ ಮಕ್ಕಳು ಇರುವ ಕೆಲವೇ ಸಾಧನಗಳ ಮುಂದೆ ಇಬ್ಬಿಬ್ಬರಾಗಿ ಕೂತು ಪಾಠ ನೋಡಿ ಅಭ್ಯಾಸ ಮಾಡಲಿ, ಉಳಿದರ್ಧ ಟೀಚರ್ ಜೊತೆ ಕೂರಲಿ. ಅರ್ಧ ಪೀರಿಯಡ್ ಆದ ಮೇಲೆ ಅದಲುಬದಲು. ನನಗೆ ಕೇಳಿದರೆ ಸಾಧನ ಕಡಿಮೆ ಇರುವ ಶಾಲೆಗೆ ಇದಕ್ಕಿಂತ ಒಳ್ಳೆಯ ಬಳಕೆ ಇನ್ನೊಂದಿಲ್ಲ. ನಲವತ್ತು ಮಕ್ಕಳ ಟೀಚರಿಗೆ ಇಪ್ಪತ್ತೇ ಮಕ್ಕಳು ಸಿಗುವುದು ಸಣ್ಣ ಲಾಭವಲ್ಲ. ಗಲಾಟೆ ಆಗುತ್ತದೆ, ಮೊದಲ ಕೆಲವು ವಾರ ತಲೆನೋವೂ ಆಗುತ್ತದೆ. ಮಕ್ಕಳಿಗೆ ಅಭ್ಯಾಸವಾಗಬೇಕು.

ಕೆಲವು ಸಣ್ಣ ಸಂಗತಿಗಳಿವೆ, ಕೆಲಸ ಕೆಡಿಸುವುದು ಹೆಚ್ಚಾಗಿ ಇವೇ. ನೆಟ್ ನಂಬಿಕೊಂಡು ಕ್ಲಾಸಿಗೆ ಹೋಗಬೇಡಿ, ಡೌನ್‌ಲೋಡ್ ಮಾಡಲು ಅವಕಾಶವಿದ್ದರೆ ಹಿಂದಿನ ದಿನವೇ ಮಾಡಿಡಿ. ಚಕ್ರ ಸುತ್ತುವುದನ್ನು ನೋಡುತ್ತಾ ಕೂತ ತರಗತಿಯನ್ನು ಮತ್ತೆ ಪಾಠಕ್ಕೆ ಎಳೆದು ತರುವುದು ಕಷ್ಟ. ಹಿಂದಿನ ಬೆಂಚಿನಲ್ಲಿ ಒಮ್ಮೆ ನೀವೇ ಕೂತು ಅಕ್ಷರ ಕಾಣುತ್ತದೆಯೇ, ಮಾತು ಕೇಳುತ್ತದೆಯೇ ನೋಡಿ. ಒಂದು ವಿಡಿಯೊ ಮುಗಿದ ಕೂಡಲೇ ತಾನಾಗಿ ಇನ್ನೊಂದು ಶುರುವಾಗುವ ಆಟೊಪ್ಲೇಯನ್ನು ಆಫ್ ಮಾಡಿಡಿ. ಕಿವಿ ಮಂದವಿರುವ ಮಗು ಇದ್ದರೆ ಕೆಳಗೆ ಅಕ್ಷರಗಳು ಬರುವ ವಿಡಿಯೊ ಬೇಕು. ಕಣ್ಣು ಕಾಣದ ಮಗುವಿದ್ದರೆ "ಈಗ ಇಲ್ಲಿ ನೋಡಿ" ಎನ್ನುವ ವಿಡಿಯೊದಿಂದ ಏನೂ ಪ್ರಯೋಜನವಿಲ್ಲ, ಪರದೆಯ ಮೇಲಿರುವುದನ್ನು ಯಾರಾದರೂ ಬಾಯಲ್ಲಿ ಹೇಳಬೇಕು.

ಮಕ್ಕಳಿಂದ ಲಾಗಿನ್ ಮಾಡಿಸುವ ಆ್ಯಪ್‌ಗಳದ್ದು ಬೇರೆಯೇ ಸಮಸ್ಯೆ. ಕೋವಿಡ್ ಕಾಲದಲ್ಲಿ 49 ದೇಶಗಳಲ್ಲಿ ಸರ್ಕಾರಗಳೇ ಶಿಫಾರಸು ಮಾಡಿದ್ದ 160ಕ್ಕೂ ಹೆಚ್ಚು ಕಲಿಕಾ ಆ್ಯಪ್ ಮತ್ತು ವೆಬ್‌ಸೈಟ್‌ಗಳನ್ನು ಹ್ಯೂಮನ್ ರೈಟ್ಸ್ ವಾಚ್ ಎಂಬ ಮಾನವ ಹಕ್ಕುಗಳ ಸಂಸ್ಥೆ ಪರಿಶೀಲಿಸಿತು. ಹತ್ತರಲ್ಲಿ ಸುಮಾರು ಒಂಬತ್ತು, ಮಕ್ಕಳ ಮಾಹಿತಿಯ ವಿಷಯದಲ್ಲಿ ಅವರ ಹಕ್ಕಿಗೆ ಧಕ್ಕೆ ತರುವಂತೆ ಅಥವಾ ತರಬಹುದಾದಂತೆ ನಡೆದುಕೊಂಡಿವೆ ಎಂದು 2022ರಲ್ಲಿ ವರದಿ ಮಾಡಿತು. ಉಚಿತ ಎನ್ನುವ ಆ್ಯಪ್ ಮಗುವಿನ ಹೆಸರು, ಹುಟ್ಟಿದ ದಿನ, ಫೋನ್ ನಂಬರ್ ಕೇಳಿದರೆ, ಪಾಠಕ್ಕೂ ಅದಕ್ಕೂ ಏನು ಸಂಬಂಧ ಎಂದು ಶಾಲೆ ಕೇಳಲೇಬೇಕು.

ಇಷ್ಟೆಲ್ಲ ಮಾಡಲು ಟೀಚರಿಗೆ ಹೊತ್ತೆಲ್ಲಿದೆ? ಇಲ್ಲಿಯೇ ಹೆಚ್ಚಿನ ಯೋಜನೆಗಳು ಸೋಲುವುದು. ಎಲ್ಲಿ ನಿಲ್ಲಿಸಬೇಕು, ಏನು ಕೇಳಬೇಕು ಎಂದು ಗುರುತು ಹಾಕಿಕೊಳ್ಳಬೇಕಾದರೆ ವಿಡಿಯೊವನ್ನು ಮೊದಲೇ ಪೂರ್ತಿ ನೋಡಿರಬೇಕು. ಅದರ ಉದಾಹರಣೆ ತಮ್ಮ ಪಠ್ಯಪುಸ್ತಕಕ್ಕೆ ಹೊಂದುತ್ತದೆಯೇ, ಬಳಸಿದ ಪದಗಳು ಮಕ್ಕಳಿಗೆ ಗೊತ್ತೇ ಎಂದು ನೋಡಬೇಕು. ಒಂದೇ ವಿಷಯಕ್ಕೆ ನಾಲ್ಕು ವಿಡಿಯೊ ನೋಡಿ ಮೂರನ್ನು ಬಿಡಬೇಕಾಗುತ್ತದೆ. ಸಾಮಾನ್ಯ ಪಾಠಕ್ಕಿಂತ ಇದಕ್ಕೆ ತಯಾರಿ ಜಾಸ್ತಿ, ಕಡಿಮೆಯಲ್ಲ. ಆದರೆ ಆಡಳಿತದವರು ಯೋಚಿಸುವುದು ಇದರ ಉಲ್ಟಾ: ವಿಡಿಯೊ ಇದೆಯಲ್ಲ, ಒಬ್ಬರೇ ಎರಡು ಸೆಕ್ಷನ್ ನೋಡಿಕೊಳ್ಳಲಿ! ಸ್ಮಾರ್ಟ್ ಬೋರ್ಡಿಗೆ ಬಿಲ್ ಇರುತ್ತದೆ, ಚಂದಾಕ್ಕೆ ಬಿಲ್ ಇರುತ್ತದೆ. ಟೀಚರ ತಯಾರಿಗೆ ಟೈಮ್‌ಟೇಬಲ್‌ನಲ್ಲಿ ಒಂದು ಪೀರಿಯಡ್ ಇರುವುದಿಲ್ಲ. ನಾನು ಶಾಲೆಯ ಆಡಳಿತ ಮಂಡಳಿಯಲ್ಲಿದ್ದರೆ ಬೋರ್ಡಿಗಿಂತ ಮೊದಲು ಆ ಪೀರಿಯಡ್ ಕೇಳುತ್ತಿದ್ದೆ.

ಇದೀಗ ವಿಡಿಯೊ ಜಾಗಕ್ಕೆ ಎಐ (ಕೃತಕ ಬುದ್ಧಿಮತ್ತೆ) ಬರುತ್ತಿದೆ. ಮಗು ಪ್ರಶ್ನೆ ಕೇಳಿದರೆ ಅದು ಅಲ್ಲೇ ಉತ್ತರ ಕೊಡುತ್ತದೆ. ಉತ್ತರ ಬರುವ ಮುಂಚೆ ನಿಲ್ಲಿಸಬೇಕು ಎನ್ನುವ ಮಾತು ಇಲ್ಲೂ ಅನ್ವಯಿಸುತ್ತದೆ. ಟರ್ಕಿಯ ಒಂದು ಹೈಸ್ಕೂಲಿನಲ್ಲಿ ಸುಮಾರು ಸಾವಿರ ವಿದ್ಯಾರ್ಥಿಗಳ ಗಣಿತ ತರಗತಿಗಳಲ್ಲಿ ನಡೆದ ಪ್ರಯೋಗದ ಫಲಿತಾಂಶ 2025ರಲ್ಲಿ ಪ್ರಕಟವಾಯಿತು. ಮಾಮೂಲಿ ಚಾಟ್‌ಬಾಟ್ ಸಿಕ್ಕವರು ಅಭ್ಯಾಸದ ಲೆಕ್ಕಗಳಲ್ಲಿ 48% ಹೆಚ್ಚು ಚೆನ್ನಾಗಿ ಮಾಡಿದರು. ಆಮೇಲೆ ಅದನ್ನು ಅವರಿಂದ ವಾಪಸ್ ಪಡೆದು ಪರೀಕ್ಷೆ ಕೊಟ್ಟಾಗ, ಅದನ್ನು ಬಳಸದೇ ಇದ್ದವರಿಗಿಂತ 17% ಹಿಂದೆ ಬಿದ್ದರು. ಉತ್ತರ ಹೇಳದೆ ಸುಳಿವು ಮಾತ್ರ ಕೊಡುವಂತೆ, ಶಿಕ್ಷಕರ ಸಲಹೆ ಸೇರಿಸಿ ಮಾಡಿದ್ದ ಇನ್ನೊಂದು ಬಾಟ್ ಬಳಸಿದವರಿಗೆ ಆ ನಷ್ಟ ಬಹುಮಟ್ಟಿಗೆ ಆಗಲಿಲ್ಲ. ವಿಡಿಯೊದಲ್ಲಿ ಉತ್ತರ ಬರುವ ಮುಂಚೆ ನಿಲ್ಲಿಸುವ ಕೆಲಸವನ್ನೇ ಇಲ್ಲಿ ಸಾಫ್ಟ್‌ವೇರಿನೊಳಗೆ ಕಟ್ಟಿದ್ದರು. ಶಾಲೆಗೆ ಎಐ ತರಲು ಬರುವವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದು: ಮಗು ಪ್ರಯತ್ನ ಮಾಡುವ ಮುಂಚೆ ಇದು ಉತ್ತರ ಹೇಳಿಬಿಡುತ್ತದೆಯೇ?

ಇನ್ನು, ಬಳಸಿ ನೋಡಿದ ಮೇಲೆ ಕೆಲಸ ಮಾಡಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ? "ಹೇಗಿತ್ತು ಮಕ್ಕಳೇ?" ಎಂದು ಕೇಳಿ ತೀರ್ಮಾನಿಸಬಾರದು. ಮುಲ್ಲರ್ ಪ್ರಯೋಗದಲ್ಲಿ ಕಂಡದ್ದು ಹಾರ್ವರ್ಡಿನ ಭೌತಶಾಸ್ತ್ರ ತರಗತಿಗಳಲ್ಲಿ 2019ರಲ್ಲಿ ಮತ್ತೆ ಕಂಡಿತು. ತಾವೇ ತಲೆ ಕೆರೆದುಕೊಂಡು ಲೆಕ್ಕ ಬಿಡಿಸಿದವರು ಹೆಚ್ಚು ಕಲಿತಿದ್ದರೂ, ಸೊಗಸಾದ ಉಪನ್ಯಾಸ ಕೇಳಿದವರಿಗೇ ತಾವು ಜಾಸ್ತಿ ಕಲಿತೆವು ಎನಿಸಿತ್ತು. ಹಾಗಾಗಿ ಎರಡು ವಾರ ಬಿಟ್ಟು, ಮುಂಚಿತವಾಗಿ ಹೇಳದೆ, ಅದೇ ಪಾಠದ ಐದು ಪ್ರಶ್ನೆ ಕೊಡಿ. ಒಂದು ಸೆಕ್ಷನ್‌ಗೆ ವಿಡಿಯೊ ಬಳಸಿ, ಇನ್ನೊಂದಕ್ಕೆ ಬಳಸದೆ ಪಾಠ ಮಾಡಿದ್ದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದು ಪಾಠದಿಂದ ಏನೂ ಸಾಬೀತಾಗುವುದಿಲ್ಲ, ಒಂದು ಟರ್ಮ್ ಹೀಗೆ ಮಾಡಿದರೆ ಯಾವ ಬಗೆಯ ಪಾಠಕ್ಕೆ ವಿಡಿಯೊ ಬೇಕು, ಯಾವುದಕ್ಕೆ ಬೇಡ ಎನ್ನುವ ಅಂದಾಜು ಸಿಗುತ್ತದೆ. ಹೃದಯ ರಕ್ತ ಪಂಪ್ ಮಾಡುವುದು, ಜ್ವಾಲಾಮುಖಿ, ಗ್ರಹಗಳ ಚಲನೆ, ಇವುಗಳಿಗೆ ಬೇಕೆಂದೇ ಬರಬಹುದು. ವ್ಯಾಕರಣಕ್ಕೆ, ಪ್ರಬಂಧ ಬರೆಯುವುದಕ್ಕೆ ಬೋರ್ಡು, ಸೀಮೆಸುಣ್ಣವೇ ಸಾಕು ಎಂದು ಬಂದರೂ ನನಗೇನೂ ಆಶ್ಚರ್ಯವಿಲ್ಲ. ಮುಂದಿನ ವರ್ಷದ ಚಂದಾ ಕಟ್ಟುವ ಮೊದಲು ಆ ಪಟ್ಟಿ ಕೈಯಲ್ಲಿರಲಿ.